ತೌಡಿನೊಳಗೆ ಏನಿದೆ?

ಮಕ್ಕಳೇ, ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವುದನ್ನು ನೋಡಿದ್ದೀರಿ. ಗಿರಣಿಯಲ್ಲಿ ಭತ್ತದ ಹೊಟ್ಟು ತೆಗೆದರೆ ಕಂದು ಬಣ್ಣದ ಅಕ್ಕಿ ಸಿಗುತ್ತದೆ. ಅದನ್ನು ಪಾಲಿಶ್ ಮಾಡಿದಾಗ ಉದುರುವ ಹುಡಿಯೇ ತೌಡು. ಅದು ದನಗಳ ಪಾಲಾಗುತ್ತದೆ. ದನಗಳೇ ಜಾಣರು!

ಕಂದು ಅಕ್ಕಿಯನ್ನು ಬಹಳ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಚಿನಲ್ಲಿ ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಹೊರಗಿನದು ಫಲಕವಚ. (ಅಕ್ಕಿ, ಗೋಧಿಯ ಕಾಳುಗಳು ಸಸ್ಯಶಾಸ್ತ್ರದ ಪ್ರಕಾರ ಹಣ್ಣುಗಳೇ!) ಅದಕ್ಕೆ ಅಂಟಿಕೊಂಡಿರುವುದು ಬೀಜಕವಚ. ಅದರೊಳಗೆ ಇಟ್ಟಿಗೆ ಜೋಡಿಸಿದಂತೆ ಚೌಕನೆಯ ಜೀವಕೋಶಗಳಿವೆ. ಇದೇ ಅಲ್ಯೂರೋನ್ ಪದರ. ಗೋಧಿಯಲ್ಲಿ ಇದು ಒಂದೇ ಸಾಲು, ಅಕ್ಕಿಯಲ್ಲಿ ಕೆಲವು ಕಡೆ ಹೆಚ್ಚು ಸಾಲುಗಳು. ಪ್ರೋಟೀನು, ಎಣ್ಣೆ, ಖನಿಜಗಳು ಇದರಲ್ಲಿ ತುಂಬಿವೆ. ಬಿ ಜೀವಸತ್ವಗಳು ಇಲ್ಲಿಯೂ ಮೊಳಕೆಯ ಭಾಗದಲ್ಲಿಯೂ ಹೆಚ್ಚಾಗಿವೆ. ಒಳಗಿನ ಬಿಳಿ ಭಾಗ ಬಹುಪಾಲು ಪಿಷ್ಟ.

ತೌಡು ಹೋದರೆ ಏನಾಗುತ್ತದೆ? 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ವೈದ್ಯ ಐಕ್ಮನ್, ಬರಿಯ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲುಗಳು ಸೋತುಹೋದದ್ದನ್ನು ಕಂಡರು. ತೌಡು ತೆಗೆಯದ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡವು. ಮನುಷ್ಯರಿಗೆ ಬರುವ ಬೆರಿಬೆರಿ ರೋಗವೂ ಇಂಥದ್ದೇ. ಬಿ1 ಜೀವಸತ್ವದ ಶೋಧಕ್ಕೆ ಇದು ದಾರಿಯಾಯಿತು. ಐಕ್ಮನ್‌ರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು.

ಕುಸುಬಲಕ್ಕಿಗೆ ಭತ್ತವನ್ನು ಮೊದಲೇ ನೆನೆಸಿ ಬೇಯಿಸುತ್ತಾರೆ. ನಮ್ಮ ಮಂಡಕ್ಕಿಯ ಭತ್ತಕ್ಕೂ ಹೀಗೆಯೇ ಮಾಡುತ್ತಾರೆ. ಆಗ ಜೀವಸತ್ವದ ಒಂದಿಷ್ಟು ಭಾಗ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಕುಸುಬಲಕ್ಕಿಯನ್ನು ಪಾಲಿಶ್ ಮಾಡಿದರೂ ಎಲ್ಲವೂ ತೌಡಿನ ಜೊತೆ ಹೋಗುವುದಿಲ್ಲ.

ಮಾಡಿ ನೋಡಿ: ಕಂದು ಅಕ್ಕಿಯ ಕಾಳನ್ನು ಅಡ್ಡಲಾಗಿ ಮುರಿದು, ಮುರಿದ ಕಡೆ ಒಂದು ಹನಿ ಆಯೋಡಿನ್ ದ್ರಾವಣ ಹಾಕಿ. ಭೂತಗನ್ನಡಿಯಲ್ಲಿ ನೋಡಿ. ನಡುಭಾಗ ಕಡುನೀಲಿಯಾಗುತ್ತದೆ. ಅಂಚಿನ ತೆಳುಗೆರೆ ಏಕೆ ಆಗುವುದಿಲ್ಲ?