ಯುಪಿಎಸ್ ಬ್ಯಾಟರಿಗೆ ಫಿಲ್ಟರ್ ನೀರು ಹಾಕಬೇಡಿ

ಮಳೆಗಾಲದಲ್ಲಿ ಕರೆಂಟು ಹೋದಾಗಲೇ ಮನೆಯ ಯುಪಿಎಸ್ ನೆನಪಾಗುವುದು. ಮೂರು ಗಂಟೆ ಬರುತ್ತಿದ್ದದ್ದು ಅರ್ಧ ಗಂಟೆಗೇ ಕುಯ್‌ಗುಟ್ಟತೊಡಗಿದರೆ ‘ಬ್ಯಾಟರಿ ಹೋಯ್ತು’ ಎಂದು ಕಂಪನಿಯನ್ನು ಬಯ್ಯುತ್ತೇವೆ. ಎಷ್ಟೋ ಬ್ಯಾಟರಿಗಳು ಹಾಳಾಗುವುದು ನೀರಿಲ್ಲದೆ, ಇಲ್ಲವೇ ಹಾಕಬಾರದ ನೀರು ಹಾಕಿ.

ಒಳಗಿರುವುದು ಸೀಸದ ಪ್ಲೇಟು, ಗಂಧಕಾಮ್ಲ, ನೀರು. ಚಾರ್ಜ್ ಆಗುವಾಗ ನೀರು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದು ಹಾರಿಹೋಗುತ್ತದೆ. ಆ್ಯಸಿಡ್ ಅಲ್ಲೇ ಉಳಿಯುತ್ತದೆ. ಸಾರು ಬತ್ತಿದರೆ ನೀರು ಬೆರೆಸುತ್ತೇವೆಯೇ ಹೊರತು ಮತ್ತೆ ಉಪ್ಪು ಹಾಕುವುದಿಲ್ಲವಲ್ಲ. ಆದರೂ ಅಂಗಡಿಯಿಂದ ಆ್ಯಸಿಡ್ ತಂದು ಸುರಿಯುವವರಿದ್ದಾರೆ. ಆಮ್ಲ ಗಾಢವಾದಷ್ಟೂ ಪ್ಲೇಟು ಬೇಗ ಸವೆಯುತ್ತದೆ.

ಇನ್ನೊಂದು ಪಿಡುಗು ಆರ್‌ಒ ನೀರು. ‘ನಾವೇ ಕುಡೀತೀವಿ, ಬ್ಯಾಟರಿಗೆ ಆಗಲ್ವಾ?’ ಎಂದು ಕೇಳುತ್ತಾರೆ. ಆಗಲ್ಲ. ಆ ನೀರಿನಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಕೆಲವು ಯಂತ್ರಗಳಂತೂ ರುಚಿಗೆಂದು ಖನಿಜವನ್ನು ಮತ್ತೆ ಸೇರಿಸುತ್ತವೆ. ನೀರು ಹಾರಿಹೋಗಿ ಕಲ್ಮಶ ಒಳಗೇ ನಿಲ್ಲುವುದರಿಂದ, ತುಂಬಿದ ಸಲವೆಲ್ಲ ಅದು ಹೆಚ್ಚುತ್ತಲೇ ಹೋಗುತ್ತದೆ. ಕಬ್ಬಿಣದ ಅಂಶ ಸೇರಿದರೆ ಬ್ಯಾಟರಿ ಸುಮ್ಮನಿದ್ದಾಗಲೂ ಚಾರ್ಜ್ ಇಳಿಯುತ್ತದೆ. ಕ್ಲೋರೈಡ್ ಪ್ಲೇಟನ್ನೇ ತಿನ್ನುತ್ತದೆ. ಬೋರ್‌ವೆಲ್ ನೀರಿನ ಮಾತೇ ಬೇಡ. ಕಾಯಿಸಿ ಆರಿಸಿದರೂ ಲವಣ ಎಲ್ಲಿಗೂ ಹೋಗದು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್‌ನಲ್ಲಿ ಹಿಡಿದಿಡುವ ಜಾಣರೂ ಉಂಟು. ಅದರಲ್ಲಿ ಧೂಳು, ಲೋಹದ ಅಂಶ ಎರಡೂ ಇರುತ್ತವೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಅಥವಾ ಡಿಎಂ (ಖನಿಜ ತೆಗೆದ) ವಾಟರ್ ಮಾತ್ರ ಹಾಕಿ, ಸೀಲ್ ಇರುವ ಕ್ಯಾನೇ ಕೇಳಿ. ಸಾವಿರಾರು ರೂಪಾಯಿಯ ಬ್ಯಾಟರಿ ಕೊಂಡವರಿಗೆ ಒಂದು ಕ್ಯಾನ್ ನೀರಿಗೆ ಜುಗ್ಗತನವೇಕೋ!

ಎರಡು–ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ. ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಆಗಲಿ; ಚಾರ್ಜ್ ಆಗುವಾಗ ಮಟ್ಟ ಏರುವುದರಿಂದ, ಮೊದಲೇ ತುಂಬಿದರೆ ಆ್ಯಸಿಡ್ ಉಕ್ಕಿ ನೆಲ ಸುಡುತ್ತದೆ. ಆಮೇಲೆ ಯುಪಿಎಸ್ ಆರಿಸಿ, ಪ್ಲಗ್ ಕಿತ್ತು, ಕಿಟಕಿ ತೆರೆಯಿರಿ. ಬಳೆ, ಉಂಗುರ ತೆಗೆದಿಡಿ. ಕನ್ನಡಕ, ರಬ್ಬರ್ ಗ್ಲೌಸ್ ಇರಲಿ. ಮೇಲ್ಭಾಗದ ಧೂಳು ಒರೆಸಿ ಮುಚ್ಚಳ ತೆಗೆಯಿರಿ. ಪ್ಲಾಸ್ಟಿಕ್ ಆಲಿಕೆಯಿಂದ, ಮಟ್ಟ ತೋರಿಸುವ ಫ್ಲೋಟ್‌ನ ಹಸಿರು ಗುರುತು ಕಾಣುವವರೆಗೆ ನಿಧಾನವಾಗಿ ಹಾಕಿ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ, ಒಂದರ ನೀರು ಇನ್ನೊಂದಕ್ಕೆ ಹೋಗದು. ಒಂದೇ ತೂತಿಗೆ ಸುರಿದು ಕೈತೊಳೆದುಕೊಂಡರೆ ಉಳಿದ ಐದು ಒಣಗಿಯೇ ಇರುತ್ತವೆ. ಪ್ಲೇಟೇ ಕಾಣುವಷ್ಟು ಇಳಿದಿದ್ದರೆ, ಅವು ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ, ಬಾಕಿ ನೀರು ಆಮೇಲೆ. ಆ್ಯಸಿಡ್ ಕಣ್ಣಿಗೆ ಹಾರಿದರೆ ಹದಿನೈದು ನಿಮಿಷವಾದರೂ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ದೇವರ ಕಪಾಟಿನ ಕೆಳಗೆ ಬ್ಯಾಟರಿ ಇಟ್ಟು ಮೇಲೆ ದೀಪ ಹಚ್ಚುವುದು ದಯವಿಟ್ಟು ನಿಲ್ಲಲಿ.

ಹೊಸದು ಕೊಳ್ಳುವವರಿಗೆ: 150 ಎಎಚ್ (ಆಂಪಿಯರ್-ಅವರ್) ಎಂದರೆ 12 ವೋಲ್ಟ್‌ನಿಂದ ಗುಣಿಸಿ, 1800 ವಾಟ್-ಅವರ್. 300 ವಾಟ್ ಲೋಡಿಗೆ ಲೆಕ್ಕದ ಆರು ಗಂಟೆ ಸಿಗದು, ನಾಲ್ಕಿರಬಹುದು. ಹಳೆಯದನ್ನು ಡೀಲರಿಗೇ ಕೊಡಿ, ಬೆಲೆಯಲ್ಲೂ ಕಡಿತ ಸಿಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಮನೆಕಸದ ಜೊತೆ ಹಾಕುವಂತಿಲ್ಲ. ಲಿಥಿಯಂ, ಸೀಲ್ಡ್ ಬ್ಯಾಟರಿಗಳಿಗೆ ನೀರು ಹಾಕುವ ಗೊಡವೆಯೇ ಇಲ್ಲ, ಅವನ್ನು ಬಿಚ್ಚಬೇಡಿ.