ಪುಟ ಬದಲಾದರೂ ಮುರಿಯದ ಎಕ್ಸ್‌ಪಾತ್: ಎಂಟು ಸೂತ್ರಗಳು

ಜಾಲಪುಟದಿಂದ ಮಾಹಿತಿ ಹೆಕ್ಕುವವರಿಗೆ ಎಕ್ಸ್‌ಪಾತ್ ಹಳೆಯ, ನಂಬಿಕಸ್ಥ ಸಾಧನ. ಅದರ 1.0 ಆವೃತ್ತಿ ಡಬ್ಲ್ಯು3ಸಿ ಶಿಫಾರಸಾಗಿ ಹೊರಬಂದದ್ದು 1999ರ ನವೆಂಬರ್‌ನಲ್ಲಿ. ಜ್ಞಾನಪೀಠ ಪಡೆದ ಕನ್ನಡ ಸಾಹಿತಿಗಳ ಪಟ್ಟಿಯಿರುವ ಪುಟವೊಂದು ನಿಮ್ಮ ಮುಂದಿದೆ ಎಂದುಕೊಳ್ಳಿ. ಹೆಸರು ಮತ್ತು ವರ್ಷ ಬೇಕು. (ಟ್ಯಾಗ್ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕೋಡಿನಲ್ಲಿ ಅವು ಇಂಗ್ಲಿಷಿನಲ್ಲೇ ಇರಬೇಕು.)

1. ಮೊದಲು ಮೂಲ ನೋಡಿ. ಪುಟದ ‘ವ್ಯೂ ಸೋರ್ಸ್’ನಲ್ಲಿ ಹೆಸರುಗಳು ಕಾಣದಿದ್ದರೆ ಅವು ಜಾವಾಸ್ಕ್ರಿಪ್ಟ್ ಮೂಲಕ ಆಮೇಲೆ ಬರುತ್ತಿವೆ, ಎಕ್ಸ್‌ಪಾತ್ ಎಷ್ಟು ಚೆನ್ನಾಗಿದ್ದರೂ ಸಿಗುವುದಿಲ್ಲ. ಎಪಿಐ ಇದ್ದರೆ ಅದನ್ನೇ ಬಳಸಿ. ವಿಕಿಪೀಡಿಯಕ್ಕೆ ಇದೆ.

2. ಬ್ರೌಸರ್ ಕೊಡುವ ಉದ್ದನೆಯ ದಾರಿಯನ್ನು ನಕಲಿಸಬೇಡಿ. ಅದು ನಾಲ್ಕನೇ ಡಿವ್, ಅದರೊಳಗಿನ ಎರಡನೇ ಡಿವ್ ಎಂದು ಸ್ಥಾನ ಎಣಿಸುತ್ತದೆ. ಮೇಲೊಂದು ಜಾಹೀರಾತು ಸೇರಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಜೊತೆಗೆ, ಮೂಲದಲ್ಲಿ ಇಲ್ಲದ ಟಿಬಾಡಿ ಟ್ಯಾಗನ್ನು ಬ್ರೌಸರ್ ತಾನೇ ಸೇರಿಸಿಕೊಂಡಿರುತ್ತದೆ. ಪೈಥಾನಿನ ಎಲ್‌ಎಕ್ಸ್‌ಎಂಎಲ್‌ಗೆ ಅದೇ ದಾರಿ ಕೊಟ್ಟರೆ ಕೈಗೆ ಏನೂ ಬಾರದು.

3. ಸ್ಥಾನ ಬಿಡಿ, ಅರ್ಥ ಹಿಡಿಯಿರಿ. ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದು. ‘ಮೂರನೇ ಟೇಬಲ್’ ಎನ್ನುವ ಬದಲು ‘ವರ್ಷ ಎಂಬ ತಲೆಬರಹವಿರುವ ಟೇಬಲ್’ ಎನ್ನಿ:

//ಟೇಬಲ್[.//ಟಿಎಚ್[ಕಂಟೇನ್ಸ್(., "ವರ್ಷ")]]//ಟಿಆರ್[ಟಿಡಿ]

ಕೊನೆಯ [ಟಿಡಿ] ತಲೆಬರಹದ ಸಾಲನ್ನು ಹೊರಗಿಡುತ್ತದೆ. ‘ಜನನ’ ಎಂಬ ಪದದ ಪಕ್ಕದ ಕೋಶ ಬೇಕಾದರೆ ಫಾಲೋಯಿಂಗ್-ಸಿಬ್ಲಿಂಗ್ ಇದೆ. ಪುಟ ಬರೆದವರು ವಿನ್ಯಾಸವನ್ನು ಪದೇ ಪದೇ ಬದಲಿಸುತ್ತಾರೆ. ‘ಜನನ’ ಎಂಬ ಪದವನ್ನು ಬದಲಿಸುವುದು ಅಪರೂಪ.

4. ಸಾಲಿನೊಳಗೆ ಹುಡುಕುವಾಗ ಚುಕ್ಕಿ ಹಾಕಿ. ಬರಿಯ // ಇಡೀ ಪುಟವನ್ನು ಮೊದಲಿನಿಂದ ಹುಡುಕುತ್ತದೆ, .// ಮಾತ್ರ ನೀವಿರುವ ಸಾಲಿನೊಳಗೆ. ಚುಕ್ಕಿ ಬಿಟ್ಟು, ಸಿಕ್ಕಿದ್ದರಲ್ಲಿ ಮೊದಲನೆಯದನ್ನು ತೆಗೆದುಕೊಂಡರೆ ಪ್ರತಿ ಸಾಲಿಗೂ ಕುವೆಂಪು ಅವರ ಹೆಸರೇ ಬರುತ್ತದೆ.

5. ಎಣಿಕೆ 1ರಿಂದ ಆರಂಭ, ಸೊನ್ನೆಯಿಂದಲ್ಲ. //ಎಲ್‌ಐ[1] ಎಂದರೆ ಪ್ರತಿ ಪಟ್ಟಿಯ ಮೊದಲನೆಯದು. (//ಎಲ್‌ಐ)[1] ಎಂದರೆ ಇಡೀ ಪುಟದ ಮೊದಲನೆಯದು.

6. ಟೆಕ್ಸ್ಟ್() ಸಾಲದು. ಕೋಶದೊಳಗೆ ಹೆಸರು ಲಿಂಕ್ ಆಗಿದ್ದರೆ ಟಿಡಿ/ಟೆಕ್ಸ್ಟ್() ಅದನ್ನು ಮುಟ್ಟುವುದಿಲ್ಲ. ನಾರ್ಮಲೈಸ್-ಸ್ಪೇಸ್(.) ಒಳಗಿನ ಪಠ್ಯವನ್ನೆಲ್ಲ ಒಟ್ಟುಗೂಡಿಸಿ, ಹೆಚ್ಚುವರಿ ಖಾಲಿ ಜಾಗವನ್ನೂ ತೆಗೆಯುತ್ತದೆ.

7. ಕನ್ನಡ ಪಠ್ಯಕ್ಕೆ ವಿಶೇಷ ಎಚ್ಚರ ಬೇಕು. ‘೧೯೬೭’ ಎಂದಿದ್ದರೆ ನಂಬರ್() ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಟ್ರಾನ್ಸ್‌ಲೇಟ್(., "೦೧೨೩೪೫೬೭೮೯", "0123456789") ಎಂದು ಬರೆದರೆ 1967 ಆಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ಸ್ವರಚಿಹ್ನೆ. ‘ಗೋಕಾಕ್’ನ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಕ್ಸ್‌ಪಾತ್‌ಗೆ ಬೇರೆ ಬೇರೆ. ‘ಬೇಂದ್ರೆ’ಯ ಏತ್ವಕ್ಕೂ ಇದೇ ಪಾಡು. ಆದ್ದರಿಂದ ಪುಟವನ್ನೂ ನಿಮ್ಮ ಹುಡುಕುಪದವನ್ನೂ ಮೊದಲೇ ಯೂನಿಕೋಡಿನ ಎನ್‌ಎಫ್‌ಸಿ (ಒಂದೇ ಸಂಕೇತವಾಗಿ ಜೋಡಿಸಿದ) ರೂಪಕ್ಕೆ ತನ್ನಿ. ಕಾಣದ ಜೋಡಕ ಸಂಕೇತಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿಯೇ ಗಮನಿಸಬೇಕು. ಕನ್ನಡದ ಮಾಹಿತಿ ಸಂಗ್ರಹಿಸುವವರಲ್ಲಿ ಎಷ್ಟೋ ಜನ ಈ ಹೆಜ್ಜೆ ಬಿಡುತ್ತಾರೆ. ಬಿಟ್ಟರೆ ಕಳೆದುಹೋಗುವುದು ನಮ್ಮವರ ಹೆಸರುಗಳೇ.

8. ಬಂದದ್ದನ್ನು ಎಣಿಸಿ. ಎಕ್ಸ್‌ಪಾತ್‌ಗೆ ಏನೂ ಸಿಗದಿದ್ದರೆ ಅದು ದೋಷ ತೋರಿಸುವುದಿಲ್ಲ, ಸದ್ದಿಲ್ಲದೆ ಖಾಲಿ ಪಟ್ಟಿ ಕೊಡುತ್ತದೆ. 1967ರ ಕುವೆಂಪು ಅವರಿಂದ 2010ರ ಚಂದ್ರಶೇಖರ ಕಂಬಾರರವರೆಗೆ ಕನ್ನಡಕ್ಕೆ ಎಂಟು ಜ್ಞಾನಪೀಠ. ನಿಮ್ಮ ಕೋಡ್ ಏಳೇ ಸಾಲು ತಂದರೆ, ಕಾಣೆಯಾದವರು ಯಾರೆಂದು ಗೊತ್ತಾಗುವ ತನಕ ಆ ಪಟ್ಟಿಯನ್ನು ಎಲ್ಲಿಯೂ ಬಳಸಬೇಡಿ.