ಗಂಜ್‌ನ ಲೆಕ್ಕ, ಡಿಗ್ರಿಯ ಓದು: ಎರಡನ್ನೂ ಜೊತೆಗೆ ನಡೆಸುವ ಬಗೆ

‘ಇನ್ನಾ ಎಷ್ಟು ವರ್ಷ ಓದ್ತೀಯವ್ವ, ನಡುವ ಏನರ ಗಳಿಸೋದೈತೇನು?’ ರಾಯಚೂರು ಕಡೆಯ ಮಸರಕಲ್ಲಿನ ಮನೆಯೊಂದರಲ್ಲಿ ಪಿಯುಸಿ ವಾಣಿಜ್ಯ ಮುಗಿಸಿದ ಮಗಳಿಗೆ ಅಪ್ಪ ಹೀಗೆ ಕೇಳಿದರೆ ಅದು ಓದು ಬಿಡಿಸುವ ಮಾತಲ್ಲ, ಲೆಕ್ಕ ಕೇಳುವ ಮಾತು. ಹತ್ತಿ ಬಿಡಿಸುವ ಕಾಲದಲ್ಲಿ ಮನೆಯ ಒಂದು ಆಳು ಕಡಿಮೆಯಾದರೆ ಎಷ್ಟು ನಷ್ಟ ಎಂಬುದು ಅವರಿಗೆ ಗೊತ್ತು. ಆ ಪ್ರಶ್ನೆಗೆ ನೇರ ಉತ್ತರವಿರುವ ಓದುಗಳಲ್ಲಿ ಲೆಕ್ಕಪತ್ರದ ಓದೂ ಒಂದು. ಇಲ್ಲಿ ಕಲಿಕೆಯ ನಡುವೆಯೇ ಸಂಬಳದ ತರಬೇತಿ ಸಿಗುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿದರೆ ಎರಡು ವರ್ಷ ವ್ಯರ್ಥವಾಗುತ್ತದೆ.

ಮೊದಲು ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗುವ ದಾರಿಯನ್ನೇ ನೋಡೋಣ. ಪಿಯುಸಿ ಆದವರು ಫೌಂಡೇಶನ್‌ಗೆ ನೋಂದಾಯಿಸಿ, ನಾಲ್ಕು ತಿಂಗಳ ಅಧ್ಯಯನದ ನಂತರ ನಾಲ್ಕು ಪತ್ರಿಕೆ ಬರೆಯುತ್ತಾರೆ. ಪ್ರತಿ ಪತ್ರಿಕೆಯಲ್ಲಿ ಶೇ 40, ಒಟ್ಟಾರೆ ಶೇ 50 ಬೇಕು. ಆಮೇಲೆ ಇಂಟರ್‌ಮೀಡಿಯೇಟ್, ಎಂಟು ತಿಂಗಳ ಅಧ್ಯಯನ, ಎರಡು ಗುಂಪುಗಳಲ್ಲಿ ಆರು ಪತ್ರಿಕೆ. 2023ರ ಜುಲೈನಿಂದ ಬಂದ ಹೊಸ ಪದ್ಧತಿಯಲ್ಲಿ ಎರಡೂ ಗುಂಪು ಪಾಸಾದ ಮೇಲಷ್ಟೇ ಆರ್ಟಿಕಲ್‌ಶಿಪ್, ಅಂದರೆ ಸಿಎ ಕಚೇರಿಯಲ್ಲಿ ಸ್ಟೈಪೆಂಡ್ ಸಹಿತ ತರಬೇತಿ. ಮೊದಲು ಮೂರು ವರ್ಷವಿದ್ದದ್ದು ಈಗ ಎರಡು ವರ್ಷ. ತರಬೇತಿ ಮುಗಿದ ಆರು ತಿಂಗಳಿಗೆ ಫೈನಲ್.

ಮಾಧ್ಯಮದ ವಿಷಯವನ್ನು ಮುಚ್ಚಿಡಬಾರದು. ಈ ಪರೀಕ್ಷೆ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳು ಫೌಂಡೇಶನ್‌ನಲ್ಲಿ ಎಡವುವುದು ಲೆಕ್ಕ ಬಾರದ್ದಕ್ಕಿಂತ ಹೆಚ್ಚಾಗಿ ಪ್ರಶ್ನೆಯ ಭಾಷೆ ಅರ್ಥವಾಗದ್ದರಿಂದ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಪಿಯುಸಿ ಎರಡನೇ ವರ್ಷದಿಂದಲೇ ದಿನಕ್ಕೆ ಅರ್ಧ ತಾಸು ಇಂಗ್ಲಿಷ್ ಲೆಕ್ಕಪತ್ರ ಪುಸ್ತಕವನ್ನು ಜೋರಾಗಿ ಓದಿ, ಪ್ರತಿ ಪದದ ಎದುರು ಕನ್ನಡದ ಪದ ಬರೆದಿಡಿ. ಸಿಎ ಸಂಸ್ಥೆ ಆನ್‌ಲೈನಿನಲ್ಲಿ ಉಚಿತ ತರಗತಿ ನಡೆಸುತ್ತದೆ. ಕೋಚಿಂಗಿಗೆ ಹಣ ಕಟ್ಟುವ ಮುನ್ನ ಅದನ್ನು ಒಂದು ತಿಂಗಳು ಕೇಳಿ ನೋಡಿ.

ಎರಡನೆಯ ಹೆಜ್ಜೆ ಡಿಗ್ರಿ. ‘ಸಿಎ ಮಾಡ್ತೀನಿ, ಬಿಕಾಂ ಯಾಕೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಫೈನಲ್ ಎಷ್ಟು ಸಲ ಬರೆಯಬೇಕಾಗುತ್ತದೋ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಡಿಗ್ರಿ ಇದ್ದರೆ ಬ್ಯಾಂಕು, ಕೆಪಿಎಸ್‌ಸಿ ಎಲ್ಲಕ್ಕೂ ಅರ್ಜಿ ಹಾಕಬಹುದು. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಡಿಗ್ರಿ ಕಾಲೇಜುಗಳು ಈಗ ರಾಯಚೂರಿನ ಯರಗೇರಾದಲ್ಲಿರುವ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ, ಅಂಕಪಟ್ಟಿಗೆ ಕಲಬುರಗಿಗೆ ಓಡಾಡುವ ಕಾಲ ಹೋಯಿತು.

ತೊಡಕಿರುವುದು ವೇಳೆಯಲ್ಲಿ. ಆರ್ಟಿಕಲ್ ವಿದ್ಯಾರ್ಥಿಯ ಕೆಲಸ ವಾರಕ್ಕೆ 35 ಗಂಟೆ, ಕಾಲೇಜಿನ ವೇಳೆ ಅದಕ್ಕೆ ಅಡ್ಡ ಬರಬಾರದು. ರೆಗ್ಯುಲರ್ ಕಾಲೇಜಿನ ಹಾಜರಿಯನ್ನೂ ಕಚೇರಿಯ ಹಾಜರಿಯನ್ನೂ ಒಟ್ಟಿಗೆ ತುಂಬುವುದು ಪ್ರಾಮಾಣಿಕವಾಗಿ ಆಗದ ಕೆಲಸ. ಹಾಗಾಗಿ ನನ್ನ ಸಲಹೆ ಎರಡರಲ್ಲೊಂದು. ಒಂದು: ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಅಥವಾ ಇಗ್ನೊದಲ್ಲಿ ಬಿಕಾಂ ಸೇರಿ ಸಿಎ ಜೊತೆ ನಡೆಸುವುದು. ಮುಕ್ತ ವಿವಿಯ ಮಾನ್ಯತೆ ಬಗ್ಗೆ ಹಿರಿಯರಲ್ಲಿ ಇನ್ನೂ ಅನುಮಾನವಿದೆ, ಆದರೆ ಯುಜಿಸಿ ಮಾನ್ಯತೆ 2018ರಲ್ಲೇ ಮರಳಿದೆ. ಎರಡು: ಊರಿಗೆ ಹತ್ತಿರದ ಕಾಲೇಜಿನಲ್ಲಿ ಬಿಕಾಂ ಪೂರ್ತಿ ಮಾಡಿ, ಶೇ 55 ಅಂಕ ತೆಗೆದು, ಫೌಂಡೇಶನ್ ಇಲ್ಲದೆ ನೇರ ಇಂಟರ್‌ಮೀಡಿಯೇಟಿಗೆ ಹೋಗುವುದು. ಕನ್ನಡ ಮಾಧ್ಯಮದವರಿಗೆ ಈ ಎರಡನೆಯದೇ ಹೆಚ್ಚು ಒಗ್ಗುತ್ತದೆ, ಇಂಗ್ಲಿಷಿಗೆ ಮೂರು ವರ್ಷ ಸಮಯ ಸಿಗುತ್ತದೆ.

ಆ ಮೂರು ವರ್ಷ ಸುಮ್ಮನೆ ಕೂರಬೇಕಿಲ್ಲ. ರಾಯಚೂರಿನ ರಾಜೇಂದ್ರ ಗಂಜ್‌ಗೆ ಹೋಗಿ. ಅಡತ್ ಅಂಗಡಿ, ಜಿನ್ನಿಂಗ್ ಮಿಲ್ಲು, ಅಕ್ಕಿ ಗಿರಣಿ, ತೆರಿಗೆ ಸಲಹೆಗಾರರ ಕಚೇರಿ, ಎಲ್ಲೆಡೆ ಲೆಕ್ಕದ ತಂತ್ರಾಂಶ ಟ್ಯಾಲಿ ಗೊತ್ತಿರುವ ಕೈ ಬೇಕು. ಹತ್ತಿಯ ಸುಗ್ಗಿಯಲ್ಲಿ ಅರ್ಧ ದಿನದ ಕೆಲಸ ಕೇಳಿದರೆ ಹೊಸಬರಿಗೂ ಬಾಗಿಲು ತೆರೆಯಬಹುದು. ಕೀರ್ದಿ, ಖಾತೆ ಎಂದು ಅಲ್ಲಿನ ಹಿರಿಯ ಗುಮಾಸ್ತರು ಹೇಳುವುದೇ ನಿಮ್ಮ ಪುಸ್ತಕದ ಜರ್ನಲ್, ಲೆಡ್ಜರ್.

ಒಂದು ಉದಾಹರಣೆ ಕೊಡುತ್ತೇನೆ. ಜಿಎಸ್‌ಟಿಯಲ್ಲಿ ‘ರಿವರ್ಸ್ ಚಾರ್ಜ್’ ಎಂಬ ಪಾಠ ಮಕ್ಕಳನ್ನು ಹೆದರಿಸುತ್ತದೆ. ಮಾರುವವನು ಕಟ್ಟಬೇಕಾದ ತೆರಿಗೆಯನ್ನು ಕೊಳ್ಳುವವನೇ ಕಟ್ಟುವುದು ಎಂದು ಅದರರ್ಥ. ರೈತನಿಂದ ನೋಂದಾಯಿತ ವ್ಯಾಪಾರಿ ಕಚ್ಚಾ ಹತ್ತಿ ಕೊಂಡಾಗ ಆಗುವುದು ಇದೇ. 2017ರ ನವೆಂಬರ್‌ನಿಂದ ಈ ನಿಯಮವಿದೆ. ನಿಮ್ಮಪ್ಪ ಮಾರಿದ ಹತ್ತಿಯ ಪಟ್ಟಿಯನ್ನು ನೀವೇ ಟ್ಯಾಲಿಗೆ ಏರಿಸಿ, ತೆರಿಗೆ ಮಿಲ್ಲಿನ ಲೆಕ್ಕಕ್ಕೆ ಬಿದ್ದದ್ದನ್ನು ಕಂಡ ದಿನ ಆ ಪಾಠ ಮತ್ತೆ ಮರೆಯುವುದಿಲ್ಲ. ಬೆಂಗಳೂರಿನ ಹುಡುಗನಿಗೆ ಪುಸ್ತಕದಲ್ಲಿ ಸಿಗುವುದು ನಿಮಗೆ ಹೊಲದಿಂದಲೇ ಸಿಗುತ್ತದೆ.

ಇನ್ನು ಆರ್ಟಿಕಲ್‌ಶಿಪ್ ಸೇರುವಾಗ. ಸೇರುವ ಮುಂಚೆ ಮಾಹಿತಿ ತಂತ್ರಜ್ಞಾನ ಮತ್ತು ಓರಿಯೆಂಟೇಶನ್ ತರಬೇತಿ ಮುಗಿಸಿರಬೇಕು, ಸಿಎ ಸಂಸ್ಥೆಯ ಬಳ್ಳಾರಿ, ಕಲಬುರಗಿ ಶಾಖೆಗಳಲ್ಲಿ ವಿಚಾರಿಸಿ. ಸೇರಿದ 30 ದಿನದೊಳಗೆ ಸಂಸ್ಥೆಗೆ ಫಾರ್ಮ್ 103 ಹೋಗಬೇಕು. ಜೊತೆಗೆ ಡಿಗ್ರಿ ಓದುತ್ತಿದ್ದರೆ ಫಾರ್ಮ್ 112ರಲ್ಲಿ ಅನುಮತಿ ಪಡೆಯಲೇಬೇಕು. ‘ಆಮೇಲೆ ನೋಡೋಣ’ ಎಂದು ಬಿಟ್ಟ ಈ ಒಂದು ಕಾಗದ ಕೊನೆಗೆ ತರಬೇತಿಯ ಅವಧಿಯನ್ನೇ ಪ್ರಶ್ನೆಗೆ ಒಡ್ಡಬಹುದು.

ತರಬೇತಿಗೆ ಸೇರಿಸಿಕೊಳ್ಳಲು ನಿಮ್ಮಿಂದ ಹಣ ಕೇಳುವಂತಿಲ್ಲ. ಸ್ಟೈಪೆಂಡ್ ಬ್ಯಾಂಕ್ ಮೂಲಕವೇ ಬರಬೇಕು. ಕನಿಷ್ಠ ಮೊತ್ತ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. 2011ರ ಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ 2.34 ಲಕ್ಷ, ಅಂದರೆ ಐದು ಲಕ್ಷಕ್ಕಿಂತ ಕಡಿಮೆಯ ವರ್ಗ. 2020ರ ಪರಿಷ್ಕರಣೆಯಲ್ಲಿ ಇಂಥ ಊರಿಗೆ ಮೊದಲ ವರ್ಷ ತಿಂಗಳಿಗೆ 2,000, ಎರಡನೇ ವರ್ಷ 3,000 ರೂಪಾಯಿ. 20 ಲಕ್ಷ ಮೀರಿದ ನಗರಕ್ಕೆ 4,000 ಮತ್ತು 5,000. ಇದು ಕನಿಷ್ಠ ಮಾತ್ರ, ಹೆಚ್ಚು ಕೊಡುವ ಕಚೇರಿಗಳೂ ಇವೆ, ಸೇರುವ ದಿನದ ದರವನ್ನು ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಈ ಮೊತ್ತ ತೀರಾ ಕಡಿಮೆ, ಹಳ್ಳಿಯ ಮಕ್ಕಳ ಪಾಲಿಗೆ ಅನ್ಯಾಯವೇ ಸರಿ. ಆದರೂ ಲೆಕ್ಕ ಹಾಕಿ: ಬೆಂಗಳೂರಿನ 4,000 ಪಿಜಿ ಬಾಡಿಗೆಗೂ ಸಾಲದು. ಮಸರಕಲ್ಲಿನ ಹುಡುಗಿ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡಿಲ್ಲದೆ ರಾಯಚೂರಿಗೆ ಬಂದು, ಮನೆಯ ರೊಟ್ಟಿ ತಿಂದರೆ ಬಂದದ್ದು ಉಳಿಯುತ್ತದೆ. ಕಚೇರಿ ಆರಿಸುವಾಗ ಆತುರ ಬೇಡ, ನಡುವೆ ಬಿಟ್ಟು ಬೇರೆಡೆ ಸೇರುವುದು ಸುಲಭವಲ್ಲ. ಆಡಿಟ್, ಜಿಎಸ್‌ಟಿ, ಆದಾಯ ತೆರಿಗೆ ಮೂರೂ ಕಲಿಸುತ್ತಾರೆಯೇ ಎಂದು ಅಲ್ಲೇ ಈಗ ಇರುವ ವಿದ್ಯಾರ್ಥಿಯನ್ನು ಕೇಳಿ.

ರಜೆ ವರ್ಷಕ್ಕೆ 12 ದಿನ. ಮುಕ್ತ ವಿವಿಯ ಪರೀಕ್ಷಾ ವೇಳಾಪಟ್ಟಿ ಬಂದ ದಿನವೇ ಅದನ್ನು ಕಚೇರಿಯಲ್ಲಿ ತೋರಿಸಿ. ಪ್ರತಿ ತಿಂಗಳು 11 ಮತ್ತು 20ರ ಹಿಂದುಮುಂದು ಜಿಎಸ್‌ಟಿ ರಿಟರ್ನ್‌ನ ಒತ್ತಡ, ಸೆಪ್ಟೆಂಬರ್‌ನಲ್ಲಿ ಆಡಿಟ್‌ನದು. ಆ ದಿನಗಳಲ್ಲಿ ರಜೆ ಕೇಳದಿದ್ದವರಿಗೆ ಪರೀಕ್ಷೆಯ ರಜೆ ಸುಲಭವಾಗಿ ಸಿಗುತ್ತದೆ.

ಸಿಎ ಬೇಡ ಎನ್ನುವವರಿಗೂ ದಾರಿಯಿದೆ. 2024-25ರಿಂದ ರಾಜ್ಯದ ಆಯ್ದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಅಡಕವಾದ ಪದವಿ ಬಂದಿದೆ, ಓದಿನ ಒಂದು ಭಾಗ ಕಂಪನಿಯಲ್ಲಿ ಸ್ಟೈಪೆಂಡ್ ಸಹಿತ ನಡೆಯುತ್ತದೆ. ಬಿಕಾಂ ಮುಗಿಸಿದವರು ಕೇಂದ್ರದ ‘ನ್ಯಾಟ್ಸ್’ ಪೋರ್ಟಲ್‌ನಲ್ಲಿ ಹೆಸರು ಹಚ್ಚಬಹುದು. 2019ರಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಯಾಗಿತ್ತು.

ಅರ್ಜಿ ಹಾಕುವವರಿಗೆ ಒಂದು ಎಚ್ಚರಿಕೆ. ರಾಜ್ಯದ ವಿದ್ಯಾರ್ಥಿವೇತನದ ಪೋರ್ಟಲ್ಲೂ ಎಸ್‌ಎಸ್‌ಪಿ, ಸಿಎ ಸಂಸ್ಥೆಯ ವಿದ್ಯಾರ್ಥಿ ಪೋರ್ಟಲ್ಲೂ ಎಸ್‌ಎಸ್‌ಪಿ. ಸೈಬರ್ ಅಂಗಡಿಯಲ್ಲಿ ಬರೀ ‘ಎಸ್‌ಎಸ್‌ಪಿ’ ಎನ್ನಬೇಡಿ, ಯಾವುದೆಂದು ಹೇಳಿ. ಎರಡಕ್ಕೂ ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು ಸೇರಿಕೊಂಡಿರುತ್ತದೆ. ಪಿಯುಸಿ ಫಲಿತಾಂಶಕ್ಕೆ ಕಾಯುವ ರಜೆಯಲ್ಲೇ ತಿದ್ದಿಸಿಕೊಳ್ಳಿ.